ಒಂದೂವರೆ ಹಿಡಿ ಮಂಡಕ್ಕಿಯಷ್ಟು ಢಮಾರ್

ಆವರಗೆರೆಯ ಅಂಚಿನಲ್ಲಿ ಮಸ್ತಾನಸಾಬರ ಮಂಡಕ್ಕಿ ಭಟ್ಟಿ ಢಮಾರ್ ಅಂದಾಗ ವಾಮದೇವಪ್ಪ ಮೇಷ್ಟ್ರು ವಿದ್ಯಾನಗರದ ತಮ್ಮ ಮನೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ಅವರ ಕಿವಿಗೆ ಬಿದ್ದದ್ದು ಢಮಾರ್ ಅಲ್ಲ. ಪಕ್ಕದ ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಕೊಡವಿದಂಥ ಒಂದು ಧಪ್. ಅಂಗೈಯ ಮೇಲಿನ ಲಿಂಗ ಅಲುಗಲಿಲ್ಲ, ಅದಕ್ಕೆ ಏರಿಸಿದ ಪತ್ರೆಯೂ ಅಲುಗಲಿಲ್ಲ. ಮುಚ್ಚಿದ ಕಣ್ಣು ತೆರೆಯದೆ ಜಪ ಮುಗಿಸಿ, ಎದ್ದು, ವಿಭೂತಿಯ ಬೆರಳನ್ನು ಟವೆಲಿಗೆ ಒರೆಸಿಕೊಳ್ಳುವ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತ್ತು. ಹರಿಹರದಿಂದ ಅಕ್ಕ ಸರ್ವಮಂಗಳಮ್ಮ.

"ಏ ತಮ್ಮಾ, ಬದುಕೀಯೇನೋ?"

"ಪೂಜೆಗೆ ಕುಂತಿದ್ದೆ ಅಕ್ಕಾ. ಯಾಕ?"

"ಯಾಕ ಅಂತ ಕೇಳ್ತಾನೆ ನೋಡು! ನಿಮ್ಮೂರಾಗೆ ಬಾಂಬು ಹಾರೈತಂತೆ. ಇಲ್ಲಿ ನಮ್ಮ ಅಡಿಗೆಮನೆ ಗೂಡಿನಾಗಿನ ಹಿತ್ತಾಳೆ ಲೋಟ ಠಣ್ ಅಂತ ಕೆಳಗ್ಬಿತ್ತು. ನಾನೇ ಕಣ್ಣಾರೆ ಕಂಡೆ."

ದಾವಣಗೆರೆಯಲ್ಲಿ ಬಿಲ್ವಪತ್ರೆ ಬೀಳಲಿಲ್ಲ, ಹದಿನಾಲ್ಕು ಕಿಲೋಮೀಟರು ಆಚೆ ಹರಿಹರದಲ್ಲಿ ಲೋಟ ಬಿತ್ತು! ಮೇಷ್ಟ್ರಿಗೆ ನಗು ಬಂತು. ಆದರೆ ಅಕ್ಕನ ಮುಂದೆ ನಗುವಷ್ಟು ಧೈರ್ಯ ಅವರಿಗೆ ಅರವತ್ತೈದಕ್ಕೂ ಬಂದಿರಲಿಲ್ಲ. "ನೋಡ್ಕಂಡು ಬರ್ತೀನಿ ತಡಿ" ಎಂದು ಫೋನಿಟ್ಟು, ಬೀದಿಯವರನ್ನು ಕೇಳಿ ಆವರಗೆರೆ ಕಡೆ ಸ್ಕೂಟರು ಹೊರಡಿಸಿದರು.

ಭಟ್ಟಿಯ ಮುಂದೆ ಸಂತೆಯಂತೆ ಜನ. ನಡುವೆ ಕಲ್ಲುಬೆಂಚಿನ ಮೇಲೆ ಮಸ್ತಾನಸಾಬರು ಕೂತಿದ್ದರು. ಗಡ್ಡದ ಬಲಭಾಗ ಸುಟ್ಟು ಮುರುಟಿತ್ತು, ಬಲಹುಬ್ಬು ಪೂರಾ ಮಾಯವಾಗಿತ್ತು. ಉಳಿದಂತೆ ಮೈಯೆಲ್ಲ ಕ್ಷೇಮ. ಎಷ್ಟೋ ವರ್ಷದಿಂದ ಬೆಳಗಿನ ವಾಕಿಂಗ್ ಮುಗಿಸಿ ಇದೇ ಬೆಂಚಿನ ಮೇಲೆ ಇಬ್ಬರೂ ಚಹಾ ಕುಡಿದವರು.

"ಏನಾತು ಸಾಬ್ರೇ?" ಎಂದು ಮೇಷ್ಟ್ರು ಗಾಬರಿಯಿಂದ ಕೇಳಿದರು.

"ಏನಿಲ್ಲ ಮೇಷ್ಟ್ರೇ, ಕ್ಷೌರ ಅರ್ಧ ಆತು. ಇನ್ನರ್ಧಕ್ಕೆ ಅಂಗಡಿಗೆ ಹೋಗ್ಬೇಕು."

ಆದದ್ದನ್ನು ಹೇಳಿದವಳು ಸೊಸೆ ನಸೀಮಾ. ಮಾವನ ಕಣ್ಣು ಮಂಜಾದ ಮೇಲೆ ಭಟ್ಟಿ ನಡೆಸುತ್ತಿದ್ದವಳು ಅವಳೇ. ಮಂಡಕ್ಕಿ ಭಟ್ಟಿಗೆ ಉರುವಲು ಬತ್ತದ ಹೊಟ್ಟು. ಒಲೆಯ ಹಿಂದೆಯೇ ಹೊಟ್ಟಿನ ಕೋಣೆ, ನಡುವೆ ಹೊಟ್ಟು ತಳ್ಳುವುದಕ್ಕೊಂದು ಕಂಡಿ. ಅಮಾವಾಸ್ಯೆಗೆ ಆಳುಗಳಿಗೂ ರಜೆ, ಕೊಳ್ಳುವವರಿಗೂ ರಜೆ, ಹೀಗಾಗಿ ಸಾಬರ ಅಪ್ಪನ ಕಾಲದಿಂದಲೂ ಅವತ್ತು ಒಲೆಯನ್ನು ತಣ್ಣಗೆ ಮಾಡಿ, ಹೊಟ್ಟಿನ ಕೋಣೆಯ ಜಂತಿ ತೊಲೆಗಳ ಧೂಳು ಹೊಡೆಯುವ ಪದ್ಧತಿ. ಈ ಸಲ ಮದುವೆ ಮನೆಯ ಮಂಡಕ್ಕಿಗೆ ಅವಸರವಿತ್ತು. ಅಮಾವಾಸ್ಯೆಯಲ್ಲೂ ಒಲೆ ಉರಿಯಿತು. ಧೂಳು ಹೊಡೆಯುವ ಕೆಲಸ ಮಾರನೇ ದಿನಕ್ಕೆ ಬಿತ್ತು. ಮಾರನೇ ದಿನವೂ ಒಲೆ ಉರಿಯುತ್ತಲೇ ಇತ್ತು. ಜಂತಿಯಿಂದ ಇಳಿದ ನುಣ್ಣನೆಯ ಧೂಳು ಮೋಡದ ಹಾಗೆ ಎದ್ದು, ಕಂಡಿಯಿಂದ ಒಲೆಯ ಬಾಯಿಗೆ ಇಣುಕಿತು. ಅಷ್ಟೇ.

"ತಗಡಿನ ಬಾಗಿಲು ಹಾರಿ ಆ ಬೇವಿನ ಮರದ ಬುಡಕ್ಕೆ ಬಿತ್ತು ಸರ್. ಮಾವ ಬಾಗಿಲ ಪಕ್ಕದಾಗಿದ್ರು. ಬಾಗಿಲ ಎದುರಿಗೆ ಇದ್ದಿದ್ರೆ..." ನಸೀಮಾ ಮಾವನ ಸುಟ್ಟ ಗಡ್ಡದ ಕಡೆ ನೋಡಿದಳು.

ಆಗ ಗುಂಪು ಸೀಳಿಕೊಂಡು ಕೊಟ್ಟೂರೇಶ ಬಂದ. ಸಿಮೆಂಟ್ ಅಂಗಡಿಯವನು, ಹೊಸ ಬಡಾವಣೆಯ ಸಂಘಕ್ಕೆ ಅಧ್ಯಕ್ಷ. ಭಟ್ಟಿಯ ಪಕ್ಕದ ನಿವೇಶನದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ.

"ನೋಡ್ರಿ ಮೇಷ್ಟ್ರೇ, ನಮ್ಮವ್ವ ಮಾಳಿಗೆ ಮ್ಯಾಲೆ ಹಪ್ಪಳ ಒಣಗಿಸ್ತಿದ್ಲು. ಏನಾದ್ರೂ ಆಗಿದ್ರೆ ಯಾರಿಗೆ ಕೇಳ್ಬೇಕಿತ್ತು? ಮನೆ ಅದುರ್ತು, ಭೂಮಿ ನಡುಗ್ತು. ಸೋಮವಾರ ಬಸವಣ್ಣನ ಕಟ್ಟೆ ಮ್ಯಾಲೆ ಸಭೆ ಕರ್ದೀನಿ. ಭಟ್ಟಿ ಇಲ್ಲಿರ್ಬೇಕೋ ಹೋಗ್ಬೇಕೋ ಅವತ್ತೇ ತೀರ್ಮಾನ."

"ಎಲ್ಲಿಗೆ ಹೋಗ್ಲಪ್ಪಾ?" ಎಂದರು ಸಾಬರು ಮೆಲ್ಲಗೆ. "ನೀವು ಬರೋಕೆ ಮುಂಚೆ ಇಲ್ಲಿ ಇದ್ದದ್ದು ನಮ್ಮ ಒಲೆ ಒಂದೇ. ಇದು ಆರಿದ್ರೆ ನಾನು ಇನ್ನೊಂದು ಕಡೆ ಹಚ್ಚೋ ವಯಸ್ಸಿನವನಲ್ಲ."

ಕೊಟ್ಟೂರೇಶ ಕೆಟ್ಟವನಲ್ಲ. ಆ ಮಾತಿಗೆ ಮುಖ ತಿರುಗಿಸಿ, ತಿರುಗಿಸಿದ ಕಡೆ ಮೇಷ್ಟ್ರು ಕಂಡದ್ದರಿಂದ ಅವರನ್ನೇ ಹಿಡಿದುಕೊಂಡ. "ಒಬ್ಬರು ಸಣ್ಣದು ಅಂತಾರೆ, ಒಬ್ಬರು ಭೂಕಂಪ ಅಂತಾರೆ. ನೀವು ಕಾಲೇಜಿನಾಗೆ ಕೆಮಿಸ್ಟ್ರಿ ಹೇಳಿದೋರು. ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ ಹೇಳ್ರಿ. ನಿಮ್ಮ ಲೆಕ್ಕ ನಾನು ಒಪ್ತೀನಿ."

ಶಿವನೇ! ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿದ ವಾಮದೇವಪ್ಪನವರನ್ನು ಊರಿನವರು ಇದುವರೆಗೆ ಕೇಳಿದ ಲೆಕ್ಕವೆಂದರೆ ತಮ್ಮ ಮಕ್ಕಳಿಗೆ ಎಷ್ಟು ಮಾರ್ಕ್ಸು ಬಂತು ಎನ್ನುವುದೊಂದೇ. ಇವತ್ತು ಒಬ್ಬ ಮನುಷ್ಯ, ಅದೂ ಸಂಘದ ಅಧ್ಯಕ್ಷ, ಸ್ಫೋಟದ ಶಕ್ತಿ ಎಷ್ಟು ಎಂದು ಕೇಳಿದ್ದ. ಅಂಗಿಯ ತೋಳು ತಾನಾಗಿಯೇ ಮೇಲಕ್ಕೆ ಹೋಯಿತು.

ಮೊದಲು ಕೊಟ್ಟೂರೇಶನ ಮನೆಯ ಕಿಟಕಿ ನೋಡಿದರು. ಭಟ್ಟಿಯ ಕಡೆಗಿದ್ದ ಗಾಜುಗಳಲ್ಲಿ ಒಂದು ಮಾತ್ರ ಸೀಳಿತ್ತು, ಉಳಿದವು ಮುಖ ನೋಡಿಕೊಳ್ಳುವಷ್ಟು ನೆಟ್ಟಗಿದ್ದವು. ಆಮೇಲೆ ಮಾಳಿಗೆ ಹತ್ತಿದರು. ಹಪ್ಪಳಗಳು ಹಾಸಿದ ಹಾಗೇ ಇದ್ದವು, ಮೇಲೆ ಹೊದಿಸಿದ್ದ ಹಳೇ ಸೀರೆಯ ಒಂದು ಅಂಚು ಮಡಚಿಕೊಂಡಿತ್ತು ಅಷ್ಟೇ. ಬೆನ್ನ ಹಿಂದೆ ಕೊಟ್ಟೂರೇಶನ ತಾಯಿ ಕೋಲು ಹಿಡಿದು ನಿಂತಿದ್ದಳು.

"ಹಪ್ಪಳ ಮುಟ್ಟಬ್ಯಾಡ್ರಿ, ಇನ್ನೂ ಒಣಗಿಲ್ಲ."

"ಮುಟ್ಟಲ್ಲ ತಾಯಿ, ನೋಡ್ತೀನಿ. ಇವು ನನ್ನ ಮೀಟರು."

ಮನೆ ಕಟ್ಟಿದ ಮೇಸ್ತ್ರಿಯ ಟೇಪು ತರಿಸಿ ಹೊಟ್ಟಿನ ಕೋಣೆಯಿಂದ ಕಿಟಕಿಗೆ ಅಳೆಸಿದರು: ಇಪ್ಪತ್ತು ಮೀಟರು. ಬಾಗಿಲನ್ನು ತೂಗಿಸಿದರು, ಅದು ಹಾರಿದ ದೂರವನ್ನೂ ಅಳೆಸಿದರು. ಸಿಡಿತದ ಒತ್ತಡ ದೂರ ಹೋದಂತೆ ಸೊರಗುತ್ತದೆ. ಇದ್ದ ದೂರದ ಎರಡರಷ್ಟು ಆಚೆ ಅದೇ ಏಟು ಬೀಳಬೇಕಾದರೆ ಸಿಡಿಯುವುದು ಎಂಟರಷ್ಟು ಬೇಕು. ಈ ಸೂತ್ರ ಹಿಡಿದು ಹಿಂದಕ್ಕೆ ನಡೆದರೆ ಮೂಲ ಸಿಕ್ಕೀತು: ಇಪ್ಪತ್ತು ಮೀಟರಿನಲ್ಲಿ ಒಂದು ಗಾಜು ಸೀಳಿ, ಉಳಿದವನ್ನು ಬಿಡುವಷ್ಟು ಒತ್ತಡ ಬರಬೇಕಾದರೆ ಶುರುವಿನಲ್ಲಿ ಎಷ್ಟಿತ್ತು? ಸಂಜೆಯವರೆಗೆ ಕೂತು, ಮೂರು ಸಲ ಹೊಡೆದು ಹಾಕಿ, ನಾಲ್ಕನೇ ಸಲ ಉತ್ತರ ಬಂದಾಗ ಮೇಷ್ಟ್ರು ಶಿವಶಿವಾ ಎಂದರು. ಇಷ್ಟು ಸಣ್ಣದೇ! ಖುಷಿಯಲ್ಲಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟರು: "ಸ್ಫೋಟದ ಬಲ ಸುಮಾರು ಎಂಬತ್ತು ಗ್ರಾಂ ಟಿ.ಎನ್.ಟಿ.ಗೆ ಸಮ. ಯಾರೂ ಗಾಬರಿಯಾಗುವ ಕಾರಣವಿಲ್ಲ."

ಲೋಕದಲ್ಲೆಲ್ಲ ಸ್ಫೋಟವನ್ನು ಅಳೆಯುವುದೇ ಹಾಗೆ, ಟಿ.ಎನ್.ಟಿ. ಎಂಬ ಸಿಡಿಮದ್ದಿನ ತೂಕದಲ್ಲಿ, ಬಟ್ಟೆಯನ್ನು ಮೀಟರಿನಲ್ಲಿ ಅಳೆದ ಹಾಗೆ. ಮೇಷ್ಟ್ರ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಅಳತೆಗೋಲು ಆರಿಸಿದ್ದರಲ್ಲಿ.

ಬೆಳಗಾಗುವಷ್ಟರಲ್ಲಿ ಆ ಸಾಲು ಊರು ಸುತ್ತಿ ಬಂದಿತ್ತು. ಗುಂಪಿನಿಂದ ಗುಂಪಿಗೆ ಹಾರುವಾಗ 'ಸಮ' ಎಲ್ಲೋ ಉದುರಿತು. 'ಗಾಬರಿಯಾಗುವ ಕಾರಣವಿಲ್ಲ' ಎಂಬುದನ್ನು ಯಾರೂ ಹೊತ್ತು ಸಾಗಿಸಲೇ ಇಲ್ಲ. ಎಂ.ಸಿ.ಸಿ. ಬಡಾವಣೆಗೆ ಹೋದಾಗ ಅದು 'ಆವರಗೆರೆ ಭಟ್ಟಿಯಲ್ಲಿ ಎಂಬತ್ತು ಗ್ರಾಂ ಟಿ.ಎನ್.ಟಿ. ಪತ್ತೆ' ಎಂದಾಗಿತ್ತು. ಹಳೇ ಬಸ್‌ಸ್ಟ್ಯಾಂಡ್ ದಾಟುವ ಹೊತ್ತಿಗೆ ಗ್ರಾಂ ಹೋಗಿ ಕಿಲೋ ಬಂದಿತ್ತು.

ಮೇಷ್ಟ್ರು ಓಡಿ ಬಂದಾಗ ಭಟ್ಟಿಯ ಮುಂದೆ ಪೊಲೀಸ್ ಜೀಪು ನಿಂತಿತ್ತು. ಹೆಡ್ ಕಾನ್‌ಸ್ಟೇಬಲ್ ಬಕ್ಕೇಶ್ ಹೊಟ್ಟಿನ ಕೋಣೆಯಲ್ಲಿ ಲಾಠಿಯಿಂದ ಹೊಟ್ಟು ಕೆದಕುತ್ತಿದ್ದ. ಮೇಷ್ಟ್ರನ್ನು ಕಂಡದ್ದೇ ಲಾಠಿ ಕಂಕುಳಿಗೆ ಸೇರಿಸಿ ನಮಸ್ಕಾರ ಮಾಡಿದ. ಹಳೇ ಶಿಷ್ಯ. ಕೆಮಿಸ್ಟ್ರಿ ಪರೀಕ್ಷೆಗೆ ಎರಡು ಸಲ ಕೂತು ಪಾಸಾದವನು.

"ಏ ಬಕ್ಕೇಶೀ, ಅದು ಅಳತೆ ಕಣಯ್ಯಾ. ಪದಾರ್ಥ ಅಲ್ಲ. ಐದು ಕುದುರೆ ಶಕ್ತಿ ಪಂಪ್‌ಸೆಟ್ ಅಂತೀವಿ, ಅದರೊಳಗೆ ಕುದುರೆ ಐತೇನು?"

"ಕುದುರೆ ಇದ್ರೆ ನಾವು ಬರ್ತಿರ್ಲಿಲ್ಲ ಸರ್. ಕುದುರೆ ಇಟ್ಕಳ್ಳೋದು ಅಪರಾಧ ಅಲ್ಲ." ದನಿ ತಗ್ಗಿಸಿ ಹೇಳಿದ: "ನನಗೆ ಗೊತ್ತು ಸರ್, ಇಲ್ಲಿ ಹೊಟ್ಟು ಬಿಟ್ರೆ ಏನಿಲ್ಲ. ಆದ್ರೆ ಊರು ತುಂಬಾ ಹಬ್ಬೈತೆ. ಬರೆದೋರು ನೀವೇ ಅಂತ ನಿಮ್ಮ ಹೆಸರು ಬೇರೆ ಐತೆ. ಸೋಮವಾರದ ಸಭೆಯಾಗೆ ಜನ ಒಪ್ಪೋ ತನಕ ಒಲೆ ಹಚ್ಚಬ್ಯಾಡ್ರಿ ಅಂದೀನಿ."

ಮಸ್ತಾನಸಾಬರು ಬೆಂಚಿನ ಮೇಲೆ ಕೂತಿದ್ದರು. ಹುಬ್ಬಿಲ್ಲದ ಕಣ್ಣಿನ ಕಡೆಯಿಂದ ನೋಡಿದಾಗ ಅವರ ಮುಖ ಸದಾ ಅಚ್ಚರಿಪಡುವಂತಿತ್ತು. "ಮೇಷ್ಟ್ರೇ, ನಿನ್ನೆ ಸುಟ್ಟಿದ್ದು ಒಂದು ಹುಬ್ಬು. ಇವತ್ತು ಹೆಸರು. ನಮ್ಮಂಥೋರ ಮನೆಗೆ ಇಂಥ ಮಾತು ಅಂಟಿದ್ರೆ ತೊಳೆಯೋದು ಕಷ್ಟ ಅಂತ ನಿಮಗೆ ನಾನು ಹೇಳಬೇಕಾ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಸೀಮಾ ಎಂದಿನಂತೆ ಚಹಾ ತಂದಿಟ್ಟಳು.

ಮನೆಯಲ್ಲಿ ಕೂತರೆ ಫೋನು, ಹೊರಗೆ ನಿಂತರೆ ಜನ. ಭಾನುವಾರ ಬೆಳಿಗ್ಗೆ ಮೇಷ್ಟ್ರು ಹರಿಹರದ ಬಸ್ಸು ಹತ್ತಿದರು. ಹರಿಹರೇಶ್ವರನ ಗುಡಿಯಲ್ಲಿ ಕೈಮುಗಿದು ನಿಂತಾಗ, ಒಂದೇ ಮೈಯಲ್ಲಿ ಇಬ್ಬರು ದೇವರು ಜಗಳವಿಲ್ಲದೆ ನಿಂತದ್ದು ಕಂಡು ಮನಸ್ಸು ತುಸು ತಿಳಿಯಾಯಿತು. ಕೇಳಿಕೊಂಡದ್ದು ಒಂದೇ: ಸ್ವಾಮೀ, ಲೆಕ್ಕ ನೀನು ಕೊಟ್ಟೆ, ಅದನ್ನು ಹೇಳುವ ಬಾಯಿಯನ್ನೂ ಕೊಡು.

ಅಕ್ಕ ಬಾಗಿಲಲ್ಲೇ ಹಿಡಿದಳು. ಕೈಕಾಲು ತೊಳೆಯಲೂ ಬಿಡದೆ ಅಡಿಗೆಮನೆಗೆ ಎಳೆದೊಯ್ದು ಲೋಟ ಬಿದ್ದ ಜಾಗ ತೋರಿಸಿದಳು. ಗೂಡು, ಗೂಡಿನ ಕೆಳಗೇ ಮಿಕ್ಸಿ.

"ಆಗ ಮಿಕ್ಸಿ ಓಡ್ತಿತ್ತೇನಕ್ಕ?"

"ಶೇಂಗಾ ಚಟ್ನಿ ಮಾಡ್ತಿದ್ದೆ. ಯಾಕ? ಮಿಕ್ಸಿಗೂ ಲೋಟಕ್ಕೂ ಏನು ಸಂಬಂಧ? ಅದು ಬಿದ್ದಿದ್ದು ನಿಮ್ಮೂರಿನ ಬಾಂಬಿಗೆ."

ಮೇಷ್ಟ್ರು ವಾದಿಸಲಿಲ್ಲ. ಹದಿನಾಲ್ಕು ಕಿಲೋಮೀಟರು ದೂರದಲ್ಲಿ ಲೋಟ ಬೀಳಬೇಕಾದರೆ ಎಷ್ಟಿರಬೇಕು ಎಂದು ಮನಸ್ಸಿನಲ್ಲೇ ಹಿಂದಕ್ಕೆ ನಡೆದರು. ಉತ್ತರ ಬಂದಾಗ ಅವರೇ ಹೆದರಿದರು.

"ಯಾಕೋ ಮುಖ ಬಾಡೈತೆ," ಎಂದು ಅಕ್ಕ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟಳು. "ತಿನ್ನು. ಮೈಗೆ ಶಕ್ತಿ ಬರ್ತೈತೆ."

ಬಾಯಿಗೆ ಹೊರಟ ಕೈ ನಡುವೆ ನಿಂತಿತು.

"ಎಷ್ಟು ಶಕ್ತಿ?"

"ಎಷ್ಟು ಅಂದ್ರೆ? ತಿಂದ್ರೆ ತಿಳಿತೈತೆ!"

ಮೇಷ್ಟ್ರು ಹಿಡಿಯನ್ನು ತಟ್ಟೆಗೆ ಮರಳಿ ಸುರಿದು, ಅದನ್ನೇ ನೋಡುತ್ತ ಕೂತರು. ಹಿಟ್ಟಿನ ಪದಾರ್ಥ ಉರಿದರೆ ಎಷ್ಟು ಕಾವು ಎನ್ನುವುದು ಅವರಿಗೆ ಬಾಯಿಪಾಠ. ಎಂಬತ್ತು ಗ್ರಾಂ ಟಿ.ಎನ್.ಟಿ. ಎಂದರೆ ಊಟದ ಲೆಕ್ಕದಲ್ಲಿ ಎಂಬತ್ತು ಕ್ಯಾಲೊರಿ. ಎಂಬತ್ತು ಕ್ಯಾಲೊರಿ ಎಂದರೆ ಮಂಡಕ್ಕಿಯಲ್ಲಿ ಇಪ್ಪತ್ತು ಗ್ರಾಂ ಚಿಲ್ಲರೆ. ಅಕ್ಕನ ಅಡಿಗೆಮನೆಯ ತಕ್ಕಡಿಗೆ ಒಣ ಮಂಡಕ್ಕಿ ಸುರಿದರು. ಒಂದೂವರೆ ಹಿಡಿ.

"ಅಕ್ಕಾ, ನಾಳೆ ದಾವಣಗೆರೆಗೆ ಬರ್ತೀಯಾ? ನಿನ್ನ ಲೋಟದ ಸಾಕ್ಷಿ ಬೇಕು."

ಸರ್ವಮಂಗಳಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಸೀರೆ ಉಡ್ಲಿ?"

ಸೋಮವಾರ ಸಂಜೆ ಬಸವಣ್ಣನ ಕಟ್ಟೆ ತುಂಬಿತ್ತು. ಪೂಜೆ ಮುಗಿಸಿ ಬಂದವರು, ಸುದ್ದಿ ಕೇಳಿ ಬಂದವರು, ಸುಮ್ಮನೆ ಬಂದವರು. ಸಭೆಗೆಂದು ಕೊಟ್ಟೂರೇಶನೇ ಖಾರ ಮಂಡಕ್ಕಿ, ಮಿರ್ಚಿ ತರಿಸಿದ್ದ. ಭಟ್ಟಿ ಮುಚ್ಚಿಸುವ ಸಭೆಯಲ್ಲೂ ಮಂಡಕ್ಕಿ ಇಲ್ಲದಿದ್ದರೆ ಆಗುವುದಿಲ್ಲ, ಅದು ಈ ಊರಿನ ಗುಣ. ಮೇಷ್ಟ್ರು ಎಲ್ಲರ ತಟ್ಟೆ ಖಾಲಿಯಾಗುವವರೆಗೆ ಕಾದರು.

"ಅಧ್ಯಕ್ಷರೇ, ಎಷ್ಟನೇ ತಟ್ಟೆ?"

"ಎರಡನೇದು. ಯಾಕ್ರಿ, ಅದಕ್ಕೂ ಲೆಕ್ಕಾನಾ?"

ಮೇಷ್ಟ್ರು ಪೇಪರೊಂದನ್ನು ಹಾಸಿ ಒಣ ಮಂಡಕ್ಕಿ ಒಂದೂವರೆ ಹಿಡಿ ಸುರಿದರು. "ಅವತ್ತು ಸಿಡಿದ ಶಕ್ತಿ ಇಷ್ಟು. ಇಷ್ಟೇ. ನೀವು ಈಗ ತಿಂದದ್ದರಲ್ಲಿ ಅಂಥ ಹತ್ತು ಸ್ಫೋಟ ಅದಾವೆ."

ಕೊಟ್ಟೂರೇಶ ಹೊಟ್ಟೆ ಮುಟ್ಟಿ ನೋಡಿಕೊಂಡ. "ಹಂಗಾರೆ ನಾನ್ಯಾಕೆ ಸಿಡಿಲಿಲ್ಲ?"

"ನಿಧಾನಕ್ಕೆ ಉರಿತೀರಿ, ಅದಕ್ಕೆ. ನಾಳೆ ಬೆಳಗಿನ ತನಕ ಉರಿತೀರಿ. ಆ ಧೂಳು ಕಣ್ಣು ಮಿಟುಕಿಸೋದ್ರಾಗೆ ಉರಿದುಬಿಡ್ತು. ಶಕ್ತಿ ಸಣ್ಣದೇ, ಅವಸರ ದೊಡ್ಡದು. ನೋಡ್ರಿ, ಹಂಗೆ ತೂಕಕ್ಕೆ ತೂಕ ಹಿಡಿದ್ರೆ ಮಂಡಕ್ಕಿ ಟಿ.ಎನ್.ಟಿ.ಗಿಂತ..."

ಬಕ್ಕೇಶ್ ಎದ್ದು ನಿಂತು ಕೈಮುಗಿದ. "ಸರ್, ಆ ಮಾತು ಮುಗಿಸಬ್ಯಾಡ್ರಿ. ಇಲ್ಲಿ ಎಲ್ಲರ ಕೈಯಾಗೂ ಮೊಬೈಲು ಅದಾವೆ. ನಾಳೆ ದಾವಣಗೆರೆ ಮಂಡಕ್ಕಿ ಎಲ್ಲಾ ಜಪ್ತಿ ಮಾಡು ಅಂದ್ರೆ ನಾನೆಲ್ಲಿ ತುಂಬ್ಲಿ?"

ಮೇಷ್ಟ್ರು ಬಾಯಿ ಮುಚ್ಚಿದರು. ಆಹಾರದ ಶಕ್ತಿ ಅಳೆಯುವ ಯಂತ್ರಕ್ಕೆ ಬಾಂಬ್ ಕ್ಯಾಲೊರಿಮೀಟರ್ ಎಂದು ಹೆಸರು. ಅದನ್ನೂ ಹೇಳಬೇಕೆಂದಿದ್ದರು. ಅದನ್ನು ಶಿವನಾಣೆಗೂ ಹೇಳಬಾರದೆಂದು ನುಂಗಿಕೊಂಡರು.

"ಸುಳ್ಳು ಲೆಕ್ಕ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಹರಿಹರದ ತನಕ ಅದುರೈತೆ!"

"ಹೌದು," ಎಂದರು ಮೇಷ್ಟ್ರು. "ಅದಕ್ಕೆ ಸಾಕ್ಷಿ ಕರ್ಕಂಡೇ ಬಂದೀನಿ. ನಮ್ಮಕ್ಕ."

ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಸರ್ವಮಂಗಳಮ್ಮ ಲೋಟ ಬಿದ್ದದ್ದನ್ನು ಠಣ್ ಎಂಬ ಸದ್ದಿನ ಸಮೇತ ವರ್ಣಿಸಿದಳು. ಮೇಷ್ಟ್ರು ತಲೆದೂಗಿದರು. "ಅಕ್ಕನ ಲೋಟ ಬಿದ್ದದ್ದು ಖರೆ. ಅದು ಇಲ್ಲಿಯ ಸದ್ದಿಗೇ ಬಿದ್ದದ್ದು ಅಂತ ಹಿಡಿಯಾಣ. ಆಗ ಇಲ್ಲಿ ಕಮ್ಮಿ ಅಂದ್ರೂ ಐದು ಸಾವಿರ ಟನ್ ಮದ್ದು ಸಿಡಿದಿರಬೇಕು. ಐನೂರು ಲಾರಿ. ಆಗ ಈ ಕಟ್ಟೆ ಇರ್ತಿರ್ಲಿಲ್ಲ, ಅಧ್ಯಕ್ಷರ ಮನೆ ಇರ್ತಿರ್ಲಿಲ್ಲ, ಸಭೆ ಕರೆಯೋಕೆ ಅಧ್ಯಕ್ಷರೂ ಇರ್ತಿರ್ಲಿಲ್ಲ. ಇದ್ದಾರೋ ಇಲ್ಲೋ ನೋಡ್ಕಳ್ರಿ."

ಎಲ್ಲರೂ ಕೊಟ್ಟೂರೇಶನನ್ನು ನೋಡಿದರು. ಇದ್ದ. ನಗು ಒಂದು ಮೂಲೆಯಿಂದ ಎದ್ದು ಕಟ್ಟೆಯ ಉದ್ದಕ್ಕೂ ಓಡಿತು. ಸರ್ವಮಂಗಳಮ್ಮ ಮಾತ್ರ ತಮ್ಮನ ತೋಳು ಚಿವುಟಿದಳು. "ಮಿಕ್ಸಿ ಅಂತ ಅಲ್ಲೇ ಬೊಗಳಿದ್ರೆ ಬಸ್ ಚಾರ್ಜ್ ಉಳೀತಿತ್ತಲ್ಲೋ!"

ಕೊಟ್ಟೂರೇಶ ನಗಲಿಲ್ಲ. "ಲೆಕ್ಕ ಒಪ್ತೀನಿ ಅಂದಿದ್ದೆ, ಒಪ್ಪಿದೆ ಮೇಷ್ಟ್ರೇ. ಶಕ್ತಿ ಒಂದೂವರೆ ಹಿಡಿ. ನಮ್ಮವ್ವನ ಹೆದರಿಕೆ ಎಷ್ಟು ಹಿಡಿ? ಅದಕ್ಕೆ ಯಾವ ಸೂತ್ರ ಐತೆ?"

ಮೇಷ್ಟ್ರು ಸುರಿದ ಮಂಡಕ್ಕಿಯನ್ನು ಪೇಪರಿನಲ್ಲಿ ಮಡಚಿಟ್ಟರು. ಅವನು ಕೇಳಿದ್ದರಲ್ಲಿ ನ್ಯಾಯವಿತ್ತು. ಇಪ್ಪತ್ತು ಮೀಟರು ದೂರದ ಗಾಜಿನ ಲೆಕ್ಕ ಬೇರೆ, ಬಾಗಿಲ ಎದುರಿಗೆ ಯಾರಾದರೂ ನಿಂತಿದ್ದರೆ ಆಗುತ್ತಿದ್ದ ಲೆಕ್ಕ ಬೇರೆ. ಸಣ್ಣದು ಎಂದು ಸಾಧಿಸುವ ಭರದಲ್ಲಿ ಅದನ್ನು ತಾವು ಹೇಳಿಯೇ ಇರಲಿಲ್ಲ. ಹೇಳಿದರು: "ಸೂತ್ರ ಇಲ್ಲ ಕೊಟ್ಟೂರೇಶಪ್ಪ. ಒಂದೂವರೆ ಹಿಡಿಯೂ ಹತ್ತಿರ ಇದ್ದೋರ ಪ್ರಾಣ ತೆಗೀಬಹುದು. ಅದು ಖರೆ."

ಮಸ್ತಾನಸಾಬರು ಎದ್ದರು. ಜನರನ್ನು ದಾಟಿ, ಹೆಂಗಸರ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ ಕೊಟ್ಟೂರೇಶನ ತಾಯಿಯ ಮುಂದೆ ಹೋಗಿ ನಿಂತರು. "ಅವ್ವಾ, ಉರಿಯೋ ಒಲೆ ಪಕ್ಕ ಧೂಳು ಹೊಡೆಸಿದ್ದು ನನ್ನ ತಪ್ಪು. ಅಪ್ಪ ಹೇಳಿಕೊಟ್ಟ ಪದ್ಧತಿ ಬಿಟ್ಟೆ. ನೀವು ಹೆದರಿದ್ರಿ. ನಾನೂ ಹೆದರಿದ್ದೆ."

ಮುದುಕಿ ಅವರ ಇಲ್ಲದ ಹುಬ್ಬನ್ನು ಒಂದಿಷ್ಟು ಹೊತ್ತು ನೋಡಿದಳು.

"ನಾನು ಹೆದರಿದ್ದು ನಿಮ್ಮ ಭಟ್ಟಿಗಲ್ಲ ಸಾಬ್ರೇ. ಭಟ್ಟಿ ಧಪ್ ಅಂತು, ನಾನು ಯಾರೋ ಮೂಟೆ ಇಳಿಸಿದ್ರು ಅಂದ್ಕಂಡೆ. ಆಮೇಲೆ ಕೆಳಗಿಂದ ನಮ್ಮ ಕೊಟ್ರ 'ಅವ್ವಾ, ಸತ್ತೆ!' ಅಂತ ಕೂಗಿದ್ನಲ್ಲ, ಅದಕ್ಕೆ ನನ್ನ ಎದೆ ಒಡೀತು."

ಆ ನಗೆಯ ಶಕ್ತಿಯನ್ನು ಯಾರೂ ಅಳೆಯಲಿಲ್ಲ. ಬಕ್ಕೇಶ್ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದ. ಕೊಟ್ಟೂರೇಶ ಮೊದಲು ಕೆಂಪಾದ, ಆಮೇಲೆ ತಾಯಿಯ ಕಡೆ ನೋಡಿದ, ಕೊನೆಗೆ ತಾನೂ ತಡೆಯಲಾರದೆ ಕಟ್ಟೆಯ ಮೇಲೆ ಕೈ ಬಡಿದು ನಕ್ಕುಬಿಟ್ಟ. ನಕ್ಕು ಮುಗಿದ ಮೇಲೆ ಅಧ್ಯಕ್ಷನಾಗಿ ಗಂಟಲು ಸರಿಮಾಡಿಕೊಂಡು ತೀರ್ಮಾನ ಹೇಳಿದ. ಹೊಟ್ಟಿನ ಕೋಣೆ ಒಲೆಯ ಬೆನ್ನು ಬಿಟ್ಟು ಅಂಗಳದ ಆಚೆ ಹೋಗಬೇಕು. ಅದನ್ನು ಕಟ್ಟಲು ಸಿಮೆಂಟು ತನ್ನದು. ಒಲೆ ತಣ್ಣಗಾಗದೆ ಯಾರೂ ಪೊರಕೆ ಮುಟ್ಟಬಾರದು. ಭಟ್ಟಿ ಇಲ್ಲೇ ಇರಲಿ.

ಟಿ.ಎನ್.ಟಿ. ಮಾತು ಇನ್ನೂ ಕೆಲವು ದಿನ ಅಲ್ಲಿ ಇಲ್ಲಿ ಹೊಗೆಯಾಡಿತು. ಎಲ್ಲಿ ಕೇಳಿದರೂ ಬಕ್ಕೇಶ್ ಜೇಬಿನಿಂದ ಮಂಡಕ್ಕಿ ಪೊಟ್ಟಣ ತೆಗೆದು "ಇಷ್ಟೇ ಕಣ್ರಿ" ಎನ್ನುತ್ತಿದ್ದನಂತೆ. ಮೇಷ್ಟ್ರು ತಮ್ಮ ಲೆಕ್ಕವನ್ನು ವಾಟ್ಸಾಪಿಗೆ ಮತ್ತೆ ಹಾಕಲಿಲ್ಲ. ಮನೆಮನೆಗೆ ಹೋಗಿ ಬಾಯಲ್ಲೇ ಹೇಳಿದರು, ಕೇಳಿದವರಿಗೂ ಕೇಳದವರಿಗೂ.

ಕೋಣೆ ಎದ್ದು ನಿಂತ ಮೇಲೆ ಒಂದು ಬೆಳಿಗ್ಗೆ ನಸೀಮಾ ಒಲೆ ಹಚ್ಚಿದಳು. ಮಸ್ತಾನಸಾಬರು ಬಿಸ್ಮಿಲ್ಲಾ ಎಂದರು, ಮೇಷ್ಟ್ರು ಶಿವಾ ಎಂದರು. ಕಡಾಯಿಯ ಮರಳು ಕಾದು, ಹದ ಮಾಡಿದ ಅಕ್ಕಿ ಅದರಲ್ಲಿ ಬಿದ್ದದ್ದೇ ಪಟಪಟನೆ ಸಾವಿರ ಸಿಡಿತ ಒಟ್ಟಿಗೆ ಎದ್ದವು. ಒಂದೊಂದು ಕಾಳೂ ತನ್ನೊಳಗಿನ ಹನಿ ನೀರಿನ ಬಲದಿಂದ ಒಡೆದು, ಬೆಳ್ಳಗೆ ಅರಳಿ, ಹಗುರಾಗಿ ಮೇಲೆದ್ದಿತು. ಹೊಟ್ಟಿನ ಹೊಗೆ ಗಾಳಿಯ ಜತೆ ತಿರುಗಿ ಬೆಂಚಿನ ಕಡೆ ಬಂತು. ವಾಮದೇವಪ್ಪನವರಿಗೆ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು. ಸಾಬರು ಆಚೆ ಸರಿದು ಕೂರಲು ಹೇಳಿದರೂ ಮೇಷ್ಟ್ರು ಅಲ್ಲಿಂದ ಏಳಲಿಲ್ಲ.